ಚೆಂಡು ಕಾಣದ ಆಟ

ಟಿ.ವಿ. ಪರದೆಯ ಮೇಲೆ ಚೆಂಡು ಎಲ್ಲೂ ಇರಲಿಲ್ಲ. ಇದ್ದದ್ದು ಎಪ್ಪತ್ನಾಲ್ಕನೇ ನಂಬರಿನ ಅಂಗಿಯೊಂದೇ. ಅದು ಬಗ್ಗುತ್ತಿತ್ತು, ಎದುರಾಳಿಗೆ ಡಿಕ್ಕಿ ಹೊಡೆಯುತ್ತಿತ್ತು, ಬೀಳುತ್ತಿತ್ತು, ಏಳುತ್ತಿತ್ತು. ಚೆಂಡು ಯಾರ ಕೈ ಸೇರಿತು, ಜನ ಯಾಕೆ ಕೂಗಿದರು ಎಂಬುದು ವಿಡಿಯೊ ತೆಗೆದವರಿಗೆ ಬೇಕಿರಲಿಲ್ಲ.

“ಕಾಲೇಜಿನವರ ವಿಡಿಯೊದಲ್ಲಿ ನಿಮ್ಮ ಮಗ ಅರ್ಧ ಸಿಗೋದೇ ಇಲ್ಲ ಮೇಡಂ. ಅವರು ಚೆಂಡಿನ ಹಿಂದೆ ಓಡ್ತಾರೆ,” ಎಂದ ಗ್ರೇಂಜರ್. “ಇದು ನಂಗೆ ಹಬ್ಬದೂಟ.”

“ನಾನು ಚೆಂಡು ನೋಡೋಕೆ ಹೋಗ್ತಿರ್ಲಿಲ್ಲ,” ಎಂದಳು ಡಾರ್ಲೀನ್ ಕುಚೆರಾ, ಪ್ಲಮ್ ಹಣ್ಣು ತುಂಬಿದ ಕೊಲಾಚೆ ಬನ್ನುಗಳ ತಟ್ಟೆಯನ್ನು ಅವನ ಕಡೆ ಸರಿಸುತ್ತ. ಕ್ಯಾಮೆರಾ ಗಂಡನದು. ಅವನು ಹೋದ ಮೇಲೆ ಶನಿವಾರಗಳಂದು ಮೈದಾನದಲ್ಲಿ ಒಬ್ಬಳೇ ನಿಲ್ಲಲು ಅವಳಿಗೆ ಅದೊಂದು ನೆಪವಾಗಿತ್ತು.

ಗ್ರೇಂಜರ್ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ತಂಡವೊಂದಕ್ಕೆ ಹೊಸ ಆಟಗಾರರನ್ನು ಹುಡುಕಿಕೊಡುವವನು. ದೊಡ್ಡ ವಿಶ್ವವಿದ್ಯಾಲಯಗಳ ಹುಡುಗರನ್ನು ನೋಡಲು ಬೇರೆಯವರಿದ್ದರು. ನೆಬ್ರಾಸ್ಕಾದ ಮೆಕ್ಕೆಜೋಳದ ಹೊಲಗಳ ನಡುವಿನ ಇಂಥ ಸಣ್ಣ ಕಾಲೇಜುಗಳು ಅವನ ಪಾಲು. ಮುಂದಿನ ತಿಂಗಳು ಡ್ರಾಫ್ಟ್. ತಂಡಗಳು ಹುಡುಗರನ್ನು ಆರಿಸಿಕೊಳ್ಳುವ ದಿನ. ವೇಡ್ ಕುಚೆರಾನನ್ನು ನೋಡಲು ಇಷ್ಟು ದೂರ ಬಂದ ತಂಡ ಇದೊಂದೇ. ಗ್ರೇಂಜರ್ ತನ್ನ ತಂಡಕ್ಕೆ ಇವನ ಹೆಸರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೆಳಿಗ್ಗೆ ಕಾಲೇಜಿನಲ್ಲಿ ಎತ್ತರ, ತೋಳಿನುದ್ದ, ಓಟ ಎಲ್ಲವನ್ನೂ ಅಳೆದಾಗಿತ್ತು. ಎಲ್ಲವೂ ಚೊಕ್ಕ. ಹುಡುಗನ ಎದುರೇ ಅವನ ಕಾಲುಗಳನ್ನು ಹೊಗಳಿಯೂ ಆಗಿತ್ತು.

ಪರದೆಯ ಮೇಲೆ ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಬಡಿಯಿತು. ವೇಡ್ ಬಿದ್ದು, ಎದ್ದ. ಸೀಟಿ ಕೇಳಿಸಿತು. ಕಾಲೇಜಿನವರ ವಿಡಿಯೊ ಅಲ್ಲಿಗೆ ಮುಗಿದಿರುತ್ತಿತ್ತು. ಡಾರ್ಲೀನಳ ಕ್ಯಾಮೆರಾ ಮಾತ್ರ ಮಗನ ಹಿಂದೆಯೇ ಹೋಯಿತು. ವೇಡ್ ನೆಟ್ಟಗೆ ನಡೆದುಹೋಗಿ, ಮುಂದಿನ ಆಟಕ್ಕೆ ಗುಂಪುಗೂಡಿದ್ದ ಹಳದಿ ಅಂಗಿಯ ಎದುರಾಳಿಗಳ ನಡುವೆ, ಅವರ ಹೆಗಲ ಮೇಲೆ ಕೈಯಿಟ್ಟು, ಬಗ್ಗಿ ನಿಂತ. ಅವರಲ್ಲೊಬ್ಬ ವೇಡನ ತೋಳು ಹಿಡಿದು ತಿರುಗಿಸಿ, ಅವನದೇ ತಂಡದ ಕಡೆಗೆ ಮೆಲ್ಲಗೆ ತಳ್ಳಿದ.

ಗ್ರೇಂಜರ್ ಕಾಫಿ ಲೋಟ ಕೆಳಗಿಟ್ಟ. ಹಿಂದಕ್ಕೆ ಹೋಗಿ ಮತ್ತೆ ನೋಡಿದ. ಮತ್ತೆ ರಿಮೋಟಿಗೆ ಕೈ ಹಾಕಿದಾಗ ಡಾರ್ಲೀನ್ ಹೇಳಿದಳು, “ಮುಂದಕ್ಕೆ ಬಿಡಿ. ಇನ್ನೂ ಇದೆ.”

ಅದು ಬೇರೆ ಪಂದ್ಯ. ಮುಗಿದಿತ್ತು. ವೇಡ್ ಹೆಲ್ಮೆಟ್ ಕಳಚಿ ಕ್ಯಾಮೆರಾದ ಹತ್ತಿರ ಬಂದ. ಅವನ ಬೆನ್ನ ಹಿಂದೆ ಅವನ ತಂಡದವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಬೆವರು ಒರೆಸಿಕೊಳ್ಳುತ್ತ ಅವನು ಕೇಳಿದ, “ಅಮ್ಮ, ಯಾರು ಗೆದ್ರು?”

ಗ್ರೇಂಜರ್ ಟಿ.ವಿ. ಆರಿಸಿದ. “ತಲೆಗೆ ಬಿದ್ದ ಪೆಟ್ಟನ್ನ ಡಾಕ್ಟರ್ ನೋಡಿದಾರಾ?”

“ಡಾಕ್ಟರ್ ಏನು ಕೇಳಿದ್ರೂ ಚೆನ್ನಾಗಿದೀನಿ ಅಂತಾನೆ. ಆಟ ಬಿಡು ಅಂದ್ರೆ ನಗ್ತಾನೆ. ಕೋಚ್ ಹತ್ರ ಬಾಯಿ ಬಿಟ್ರೆ ಈ ಮನೆ ಹೊಸಿಲು ತುಳಿಯಲ್ಲ ಅಂದಿದಾನೆ.”

“ಇದನ್ನ ನೀವು ನಂಗೆ ತೋರಿಸ್ಬಾರದಿತ್ತು ಮೇಡಂ. ಇನ್ನು ನಾನು ಅವನ ಹೆಸರು ಹೇಳೋ ಹಾಗಿಲ್ಲ.”

“ಅದಕ್ಕೇ ತೋರಿಸಿದ್ದು.”

ಗ್ರೇಂಜರ್ ರಿಮೋಟನ್ನು ಮೇಜಿನ ಮೇಲಿಟ್ಟ. ಹೊರಗೆ ಗಾಳಿ ತಗಡಿನ ಶೆಡ್ಡನ್ನು ಅಲುಗಿಸುತ್ತಿತ್ತು.

“ಅವನಿಗೆ ಏನಂತ ಹೇಳ್ಲಿ?”

“ಆಟ ಸಾಲದು ಅನ್ನಿ. ನಿಮ್ಮನ್ನ ಬೈಕೊಂಡು ಇದ್ದುಬಿಡ್ತಾನೆ. ನಿಮಗೇನು, ಸಂಜೆ ಹೊತ್ತಿಗೆ ಊರು ಬಿಡ್ತೀರಿ.” ಅವಳು ತಟ್ಟೆ ಎತ್ತಿಕೊಂಡಳು. “ಆಮೇಲೆ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಬಚ್ಚಿಟ್ಟು ಉಳಿಸ್ಕೊಳ್ಳೋಕೆ ಆಟಾನೇ ಇಲ್ದೆ ಇದ್ರೆ ಬರ್ತಾನೆ.”

ವೇಡ್ ಬಂದಾಗ ಬಾಗಿಲು ತುಂಬಿಹೋಯಿತು. “ಏನ್ ಸರ್, ಅಮ್ಮನ ವಿಡಿಯೊ ನೋಡಿ ನಿದ್ದೆ ಬಂತಾ? ಸ್ಕೋರ್ ಎಷ್ಟು ಅಂತಾನೂ ಗೊತ್ತಾಗಲ್ಲ ಅದ್ರಲ್ಲಿ.”

“ಕೂತ್ಕೋ ವೇಡ್.”

“ನಿಂತೇ ಇರ್ತೀನಿ. ಹೇಳಿ.”

“ನಿನ್ನ ಹೆಸರು ನಾನು ಹೇಳ್ತಿಲ್ಲ.”

ವೇಡನ ಮುಖದ ನಗು ತಕ್ಷಣ ಹೋಗಲಿಲ್ಲ. ಎಲ್ಲಿ ಹೋಗಬೇಕೆಂದು ತಿಳಿಯದೆ ಹಾಗೇ ಉಳಿಯಿತು. “ಯಾಕೆ?”

ಗ್ರೇಂಜರ್ ಅಡಿಗೆಮನೆಯ ಕಡೆ ನೋಡಿದ. ಡಾರ್ಲೀನ್ ಬೆನ್ನು ತಿರುಗಿಸಿ, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

“ಕಾಲು ನಿಧಾನ,” ಎಂದ. “ಅಲ್ಲಿನ ಹುಡುಗರ ಮುಂದೆ ನಿಲ್ಲಲ್ಲ.”

“ಬೆಳಿಗ್ಗೆ ನೀವೇ ಅಂದ್ರಲ್ಲ, ಇಂಥ ಕಾಲು ನೋಡಿ ಎಷ್ಟೋ ವರ್ಷ ಆಯ್ತು ಅಂತ.”

“ವಿಡಿಯೊ ನೋಡಿದ ಮೇಲೆ ಹೇಳ್ತಿದೀನಿ.”

ಇಪ್ಪತ್ತು ವರ್ಷಗಳಲ್ಲಿ ಗ್ರೇಂಜರ್ ಎಷ್ಟೋ ಹುಡುಗರಿಗೆ ಇಲ್ಲ ಎಂದಿದ್ದ. ಅವರು ನೋಡುವ ನೋಟ ಅವನಿಗೆ ಹೊಸದಲ್ಲ. ಆದರೂ ಕೋಟು ಹಾಕಿಕೊಳ್ಳುವಾಗ ತೋಳು ಎಲ್ಲಿದೆಯೆಂದು ತಡಕಾಡಿದ.

ವೇಡ್ ಅಡಿಗೆಮನೆಯತ್ತ ತಿರುಗಿದ. “ಅಮ್ಮ, ನೀನಾದ್ರೂ ಹೇಳು. ನನ್ನ ಒಂದು ಪಂದ್ಯಾನೂ ಬಿಟ್ಟವಳಲ್ಲ ನೀನು. ನನ್ನ ಕಾಲು ನಿಧಾನಾನಾ?”

ಡಾರ್ಲೀನ್ ನಲ್ಲಿಯ ನೀರು ನಿಲ್ಲಿಸಿದಳು.

“ಆಟದ ವಿಷಯ ನಂಗೇನು ಗೊತ್ತು ಮಗಾ,” ಎಂದಳು, ಅವನ ಕಡೆ ನೋಡದೆ.