ಬಾಗಿಲಿಲ್ಲದ ಕೋಟೆ

ಪುರಭವನದ ಕಾಲಕಿಟಕಿ ಆ ಮಧ್ಯಾಹ್ನ ಇನ್ನೂರು ವರ್ಷ ಹಿಂದಕ್ಕೆ ತೆರೆದಿತ್ತು. ಜವಾನ ಎಂದಿನಂತೆ ಕಿಟಕಿಕಟ್ಟೆ ಒರೆಸಿ, ಚದುರಂಗದ ಹಾಸನ್ನು ಅರ್ಧ ಈಚೆಗೂ ಅರ್ಧ ಆಚೆಗೂ ಬರುವಂತೆ ಇಟ್ಟು ಹೋದ. ಈಚೆ ಕುಳಿತವಳು ಇಂದಿನ ವಿಶ್ವವಿಜೇತೆ ಮಂದಾಕಿನಿ. ಆಚೆ, ಅರಮನೆಯಲ್ಲಿ ಒಮ್ಮೆಯೂ ಸೋಲದ ಅಳಸಿಂಗಾಚಾರ್ಯರು. ಯಾರು ದೊಡ್ಡವರೆಂದು ಪತ್ರಿಕೆಗಳು ವರ್ಷಗಟ್ಟಲೆ ಕಿತ್ತಾಡಿದ್ದವು. ಈ ಆಟ ಅದನ್ನು ತೀರ್ಮಾನಿಸಬೇಕಿತ್ತು.

ಆಚಾರ್ಯರು ಕಾಲಾಳನ್ನು ಎರಡು ಮನೆ ನಡೆಸಿದರು. ಮಂದಾಕಿನಿ ಒಂದೇ ಮನೆ ನಡೆಸಿದಳು.

"ಏನಮ್ಮ, ನಿಮ್ಮ ಕಾಲದಲ್ಲಿ ಮೊದಲು ಎರಡು ಮನೆಯಲ್ವೇ?"

"ಹೌದು ಸ್ವಾಮಿ. ನಿಮ್ಮ ನಿಯಮದಲ್ಲೇ ನಿಮ್ಮನ್ನ ಸೋಲಿಸೋಣಾಂತ ಕಲಿತು ಬಂದೆ."

"ಭಲೆ! ನಾನೂ ಅದೇ ಹಟಕ್ಕೆ ನಿಮ್ಮದನ್ನ ಕಲಿತು ಕೂತಿದೀನಿ. ಹೀಗೇ ಆಡೋಣ. ಆಮೇಲೆ ಯಾರೂ ನೆಪ ಹೇಳೋ ಹಾಗಿಲ್ಲ."

ಹೊಸ ನಿಯಮದ ಹುರುಪಿನಲ್ಲಿ ಆಚಾರ್ಯರು ಬೇಗನೆ ಕೋಟೆ ಕಟ್ಟಿ, ದೊರೆಯನ್ನು ಮೂರು ಕಾಲಾಳುಗಳ ಹಿಂದೆ ಮೂಲೆಗೆ ಸೇರಿಸಿದರು. ಮಂದಾಕಿನಿಯ ಆನೆಗೆ ಅವಳ ದೊರೆಯೇ ಅಡ್ಡವಾಗಿದ್ದ. ಹಳೆಯ ನಿಯಮದಲ್ಲಿ ದೊರೆ ಒಮ್ಮೆ ಕುದುರೆಯಂತೆ ನೆಗೆಯಬಹುದು. ಅವಳು ಅವನನ್ನು ನೆಗೆಸಿ ದಾರಿ ತೆರೆದಳು. ಆಚಾರ್ಯರು ಅದನ್ನು ಲೆಕ್ಕಿಸದೆ ಅವಳ ಮಂತ್ರಿಯನ್ನು ಹೊಡೆದರು. ಆನೆ ಕೊನೆಯ ಸಾಲಿಗೆ ನುಗ್ಗಿತು.

"ಶಹ," ಎಂದಳು. ಅವರ ದೊರೆಗೆ ಸರಿಯಲು ಒಂದು ಮನೆಯೂ ಇರಲಿಲ್ಲ.

ಆಚಾರ್ಯರು ಹಾಸನ್ನು ಬಹಳ ಹೊತ್ತು ನೋಡಿ ನಕ್ಕರು. "ಕೋಟೆ ಕಟ್ಟೋದು ಕಲಿತೆ, ಬಾಗಿಲಿಡೋದು ಕಲೀಲಿಲ್ಲ. ನೀನೇ ದೊಡ್ಡೋಳು ಅಂತ ಬರೀಲಿ ಬಿಡು."

"ಇವತ್ತು ಬೇಡ ಸ್ವಾಮಿ. ಗೆಲ್ಲಿಸಿದ್ದು ನಿಮ್ಮ ಕಾಲದ ನೆಗೆತ. ನಾಳೆ ನಿಮ್ಮ ನಿಯಮದಲ್ಲಿ ನೀವು ಆಡಿ, ನನ್ನದರಲ್ಲಿ ನಾನು. ಆಗ ಗೆದ್ದು ಬರೆಸ್ಕೋತೀನಿ."