ಕೊಸರು

ಊರಿನ ತಕ್ಕಡಿಗಳಿಗೆಲ್ಲ ಪ್ರತಿಯೊಬ್ಬರ ಹಳೆಯ ನಡೆನುಡಿ ನೆನಪಿತ್ತು. ಎದುರು ನಿಂತವರ ಈ ಕ್ಷಣದ ವರ್ತನೆ ಅದಕ್ಕೆ ತಾಳೆಯಾಗದಿದ್ದರೆ ತಕ್ಕಡಿಯ ದೀಪ ಕೆಂಪಾಗುತ್ತಿತ್ತು. ತಪಾಸಣೆಯ ವ್ಯಾನು ಬರುತ್ತಿತ್ತು. ಅದರಲ್ಲಿ ಹೋದವರು ಮರಳಿದ್ದನ್ನು ಸರ್ವಮಂಗಳಾ ಕಂಡಿರಲಿಲ್ಲ.

ಗಂಡ ಚಿದಾನಂದನಿಗೆ ಮರೆವು ಹತ್ತಿತ್ತು. ಸಂತೆ ತಪ್ಪಿಸಿದರೂ ಅನುಮಾನವೇ. ಹಾಗಾಗಿ ಬೆಳಗಿನಿಂದ ಅವನ ಹಳೆಯ ಮಾತುಗಳನ್ನೇ ಅವನಿಗೆ ಬಾಯಿಪಾಠ ಮಾಡಿಸಿ ಕರೆತಂದಿದ್ದಳು.

"ಏನವ್ವಾ ಹುಸೇನ್‌ಬಿ, ಬದನೆಕಾಯಿಗೂ ನಿನ್ನಷ್ಟೇ ವಯಸ್ಸಾಗೈತಲ್ಲ?" ಎಂದು ಅವನು ತಪ್ಪಿಲ್ಲದೆ ಛೇಡಿಸಿದ.

"ನಿಮ್ಮಷ್ಟಾಗಿಲ್ಲ ಬಿಡ್ರಿ," ಎಂದು ತರಕಾರಿಯವಳು ನಕ್ಕಳು. ದೀಪ ಹಸಿರಾಗಿಯೇ ಉಳಿಯಿತು.

ಸರ್ವಮಂಗಳಾ ಉಸಿರು ಬಿಟ್ಟಳು. ಗಡಿಬಿಡಿಯಲ್ಲಿ ದುಡ್ಡು ಕೊಟ್ಟು, ಗಂಡನ ಕೈಹಿಡಿದು ತಿರುಗಿದಳು.

"ಅಕ್ಕಾರೇ," ಹುಸೇನ್‌ಬಿಯ ದನಿ ಉಡುಗಿತ್ತು, "ಕೊಸರು ಕೇಳ್ಲಿಲ್ಲಲ್ರೀ."

ಮದುವೆಯಾಗಿ ಬಂದಂದಿನಿಂದ, ಜಗಳವಾಡಿಯಾದರೂ ಒಂದು ಹಿಡಿ ಕೊತ್ತಂಬರಿ ಮೇಲೆ ಹಾಕಿಸಿಕೊಳ್ಳದೆ ಸರ್ವಮಂಗಳಾ ಕದಲಿದವಳಲ್ಲ. ಹುಸೇನ್‌ಬಿ ಆ ಹಿಡಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ಅವಳ ಪಕ್ಕದಲ್ಲಿ ದೀಪ ಕೆಂಪಾಗಿತ್ತು. ಕೆಳಗೆ ಮೂಡಿದ್ದು ಸರ್ವಮಂಗಳಾಳ ಹೆಸರು.

ಜನ ಸರಿದು ದಾರಿ ಬಿಟ್ಟರು.

"ಯಾರಿಗೋ ವ್ಯಾನು ಬಂತು ನೋಡು," ಎಂದ ಚಿದಾನಂದ. "ನಡಿ, ನಾವು ಹೋಗೋಣ. ಮನೆ ದಾರಿ ನಿಂಗೆ ಗೊತ್ತೈತಲ್ಲ?"