ಕಲ್ಲುಸಕ್ಕರೆ

"ತಪ್ಪಾಯ್ತು ಅನ್ನು. ಒಂದೇ ಮಾತು. ಅಷ್ಟೂ ಆಗಲ್ವಾ ನಿನಗೆ?"

ಭಜನೆ ಮಂದಿರದ ಮೆಟ್ಟಿಲ ಮೇಲೆ ಭುವನೇಶ್ವರಿ ಅಪ್ಪನ ತೋಳು ಹಿಡಿದು ನಿಲ್ಲಿಸಿದ್ದಳು. ಲಿಂಗಪ್ಪ ಚಪ್ಪಲಿ ಬಿಟ್ಟು, ಬಗ್ಗಿ ಜೋಡಿಸಿಟ್ಟ.

"ನಾ ಅನ್ನಂಗಿಲ್ಲ ಯವ್ವಾ. ಹೇಳೂದಿದ್ರ ಅಮ್ಮಾರ ಹೇಳಲಿ."

"ಎರಡು ವರ್ಷ ಒಳಗಿದ್ದು ಬಂದ್ರೂ ಸೊಕ್ಕು ಇಳಿದಿಲ್ಲ."

ಎರಡು ಸಾವಿರದ ಮೂರರಲ್ಲಿ, ಬಸವೇಶ್ವರನಗರದ ಒಂದು ಮನೆಯ ಗೇಟಿನೊಳಗೆ, ಕಾರಿನ ಹಿಂದೆ ನಿಂತು "ಬರ್ಲಿ, ಬರ್ಲಿ" ಎನ್ನುತ್ತಿದ್ದ ಯಜಮಾನರು ಕಾರಿಗೂ ಗೋಡೆಗೂ ನಡುವೆ ಸಿಕ್ಕು ಸತ್ತರು. ಹನ್ನೊಂದು ವರ್ಷ ಆ ಮನೆಯ ಕಾರಿಗೆ ಒಂದು ಗೀರೂ ಬೀಳಿಸದ ಡ್ರೈವರ್ ಲಿಂಗಪ್ಪ, ನನ್ನಿಂದಲೇ ಆಯಿತು ಎಂದ. ಪೊಲೀಸರಿಗೂ ಅದೇ, ಕೋರ್ಟಿಗೂ ಅದೇ. ಜೈಲಿಗೆ ನೋಡಲು ಹೋದ ಮಗಳಿಗೆ ಮಾತ್ರ ಬೇರೆ ಮಾತು ಹೇಳಿದ: "ಅಮ್ಮಾರ ಕೂಸುಗಳು ಭಾಳ ಸಣ್ಣಾವ ಯವ್ವಾ."

ಆ ಕೂಸುಗಳಿಗೆ ತಂದೆಯಿಲ್ಲದಂತೆ ಮಾಡಿ ಈಗ ಮರುಗುತ್ತಾನೆ! ಅವಳು ಮತ್ತೆ ಹೋಗಲಿಲ್ಲ. ಬಿಡುಗಡೆಯಾಗಿ ಬಂದ ದಿನ ಊಟದ ತಟ್ಟೆಯನ್ನು ಕಾಲಿನಿಂದ ಅವನತ್ತ ಸರಿಸಿದಳು.

ಈಗ ಶ್ರೀಶೈಲನ ಸಂಬಂಧ ಬಂದಿತ್ತು. ಹುಡುಗ ಒಪ್ಪಿದ್ದ. ಅವನ ತಾಯಿ ಮುತ್ತವ್ವ ಮೂಡಲಪಾಳ್ಯದಿಂದ ಬಂದು, ಎಲೆ ಅಡಿಕೆ ಮುಟ್ಟದೆ ಎದ್ದಿದ್ದಳು. "ಕೊಂದವನ ಮಗಳನ್ನ ಹೆಂಗ ಮನಿ ತುಂಬಿಸ್ಕೊಳ್ಳೂದು? ಗಂಡನ್ನ ಕಳ್ಕೊಂಡಾಕಿ ಮಂದಿ ಮುಂದ, ತನ್ನ ಬಾಯಿಲೇ ಕ್ಷಮಿಸೀನಿ ಅನ್ಲಿ. ಆಮ್ಯಾಲೆ ಮದುವಿ ಮಾತು."

ಅದಕ್ಕೆ ತಕ್ಕ ಜಾಗವೂ ಇತ್ತು. ಸತ್ತವರ ಹೆಂಡತಿ ಅನಂತಲಕ್ಷ್ಮಿ ಭಾನುವಾರ ಬೆಳಿಗ್ಗೆ ವಿಜಯನಗರದ ಈ ಮಂದಿರದಲ್ಲಿ ದಯೆಯ ಪಾಠ ಹೇಳುತ್ತಿದ್ದರು. ಮುಂದೆ ಮಕ್ಕಳು, ಹಿಂದೆ ದೊಡ್ಡವರು. ಪಾಠದ ಕೊನೆಗೆ ತಪ್ಪು ಮಾಡಿದವರು ಎದ್ದು ಬರಬೇಕು. ನೊಂದವರು ಅವರ ಬಾಯಿಗೆ ಕಲ್ಲುಸಕ್ಕರೆ ಇಡಬೇಕು. ಇಟ್ಟ ಮೇಲೆ ಆ ವಿಷಯವನ್ನು ಯಾರೂ, ಎಂದಿಗೂ, ಎತ್ತುವಂತಿಲ್ಲ. ಈ ಪದ್ಧತಿ ತಂದವರೂ ಅವರೇ.

"ದೇವರು ಮೊದಲು ಯಾರನ್ನ ಕ್ಷಮಿಸ್ತಾನೆ?" ಅನಂತಲಕ್ಷ್ಮಿ ಮಕ್ಕಳನ್ನು ಕೇಳಿದರು.

"ಅಳೋರನ್ನ, ಮಿಸ್!"

"ಅಲ್ಲ ಪುಟ್ಟಾ. ಒಪ್ಕೊಳ್ಳೋರನ್ನ."

ಪಾಠ ಮುಗಿದಾಗ ಲಿಂಗಪ್ಪ ಎದ್ದ. ಭುವನೇಶ್ವರಿ ಹಿಂದೆಯೇ ನಡೆದಳು. ಜಮಖಾನೆಯ ಅಂಚಿನಲ್ಲಿ ಕೂತಿದ್ದ ಮುತ್ತವ್ವ ಸೆರಗು ಸರಿಮಾಡಿಕೊಂಡು ಕತ್ತು ಚಾಚಿದಳು.

"ಹೇಳು ಲಿಂಗಪ್ಪ," ಎಂದರು ಅನಂತಲಕ್ಷ್ಮಿ.

"ನಂದೇನೈತ್ರಿ ಅಮ್ಮಾರ. ನೀವ ಹೇಳ್ರಿ. ನನ್ನ ಮಗಳು ಕೇಳ್ಲಿ."

"ಪಾಪ, ಎಷ್ಟು ವಿನಯ ನೋಡಿ," ಎಂದು ಹಿಂದೆ ಯಾರೋ ಲೊಚಗುಟ್ಟಿದರು.

ಅನಂತಲಕ್ಷ್ಮಿ ಮೊದಲ ಸಾಲಿನಲ್ಲಿದ್ದ ತಮ್ಮ ಇಬ್ಬರು ಮಕ್ಕಳನ್ನು ನೋಡಿದರು. ಬಟ್ಟಲಿನಿಂದ ಕಲ್ಲುಸಕ್ಕರೆಯ ಒಂದು ಹರಳು ಎತ್ತಿಕೊಂಡರು. ಆಮೇಲೆ ದನಿ ಗಟ್ಟಿಯಾಯಿತು.

"ನನ್ನ ಗಂಡನ ಸಾವಿಗೆ ಕಾರಣನಾದ ಇವನನ್ನ ಮನಸಾರೆ ಕ್ಷಮಿಸಿದೀನಿ."

ಲಿಂಗಪ್ಪ ಏನೋ ಹೇಳಲು ಬಾಯಿ ತೆರೆದ. ಸಕ್ಕರೆ ಒಳಗೆ ಬಿತ್ತು.

ಚಪ್ಪಾಳೆ. ಮುತ್ತವ್ವ ಕಣ್ಣೊರೆಸಿಕೊಂಡು, ಆಯಿತು ಎನ್ನುವಂತೆ ತಲೆಯಾಡಿಸಿದಳು. ಭುವನೇಶ್ವರಿಗೆ ಹೋದ ಜೀವ ಬಂತು. ಇನ್ನೂ ನೆಟ್ಟಗೆ ನಿಂತಿದ್ದ ಅಪ್ಪನ ಕತ್ತಿನ ಮೇಲೆ ಕೈಯಿಟ್ಟು ಒತ್ತಿದಳು. "ಕಾಲು ಹಿಡ್ಕೊ. ದೇವರಂಥವರು." ಅವನು ಬಾಗಿದ. ಅವಳೂ ಬಾಗಿ ಆ ಪಾದಗಳಿಗೆ ಹಣೆ ಹಚ್ಚಿದಳು.

ಅವನನ್ನು ಎತ್ತುವ ನೆಪದಲ್ಲಿ ಅನಂತಲಕ್ಷ್ಮಿ ಬಗ್ಗಿದರು. ಚಪ್ಪಾಳೆಯ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸದೆಂದು, ಅವನ ಕಿವಿಯಲ್ಲಿ ಕೇಳಿದರು:

"ಅವತ್ತು ಕಾರು ಓಡಿಸ್ತಾ ಇದ್ದಿದ್ದು ನಾನು ಅಂತ ಇವಳಿಗೆ ಹೇಳಿಲ್ಲ ತಾನೇ, ಲಿಂಗಪ್ಪ?"